ಮನೆಯಲ್ಲಿ ಮಾಡಿದ ಊರುಗೋಲಿಗೆ ಹಿತವಾದ ಹಿಡಿ

ಬಳ್ಳಾರಿ, ಕುರುಗೋಡು ಹಾಗೂ ಸಿರುಗುಪ್ಪ ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆಯಲ್ಲಿಯೇ ಮಾಡಿಕೊಂಡ ಬಿದಿರಿನ ಅಥವಾ ಜಾಲಿಯ ಊರುಗೋಲು ವಯೋವೃದ್ಧರ ಕೈಯಲ್ಲಿ ಇಂದಿಗೂ ಕಾಣಸಿಗುತ್ತದೆ. ಕೋಲು ಎಷ್ಟೇ ಗಟ್ಟಿಯಾಗಿದ್ದರೂ ಹಿಡಿಯುವ ಭಾಗ ಒರಟಾಗಿದ್ದರೆ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ತೀರ ನುಣುಪಾಗಿದ್ದರೆ ಬೇಸಿಗೆಯಲ್ಲಿ ಬೆವರಿದ ಕೈ ಜಾರುತ್ತದೆ. ಆಗ ಹಿರಿಯರು ಕೋಲನ್ನು ಮೂಲೆಗಿಟ್ಟು ಗೋಡೆ ಹಿಡಿದು ನಡೆಯತೊಡಗುತ್ತಾರೆ. ಇಳಿವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಅನೇಕರು ಮೊದಲಿನಂತೆ ಓಡಾಡಲಾರರು. ಅಲ್ಪ ವೆಚ್ಚದ ಹಿಡಿಯೊಂದು ಈ ಅಪಾಯವನ್ನು ತಗ್ಗಿಸಬಲ್ಲದು.

ಹಿಡಿಯ ಸ್ಥಳ ಮತ್ತು ದಪ್ಪ: ಅಡ್ಡಹಿಡಿಯ ಕೋಲಾದರೆ, ಪಾದರಕ್ಷೆ ಧರಿಸಿ ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಬರುವ ಎತ್ತರಕ್ಕೆ ಹಿಡಿ ಇರತಕ್ಕದ್ದು. ಉದ್ದನೆಯ ನೇರ ಕೋಲಾದರೆ, ಬಳಸಿ ಬಳಸಿ ಕೈ ಸವೆದು ಹೊಳಪಾದ ಜಾಗವೇ ಹಿಡಿಯ ಸ್ಥಳವನ್ನು ತೋರಿಸುತ್ತದೆ. ಹಿಡಿಯ ದಪ್ಪ ಸುಮಾರು 3ರಿಂದ 4 ಸೆಂ.ಮೀ. ಇದ್ದರೆ ಬಹುತೇಕರಿಗೆ ಹಿತಕರ. ಬೆರಳಿನ ಕೀಲುನೋವು ಇರುವವರು ಮುಷ್ಟಿ ಬಿಗಿಯಲಾರರಾದ್ದರಿಂದ ಅವರಿಗೆ ತುಸು ಹೆಚ್ಚು ದಪ್ಪನಾದ ಹಿಡಿ ಬೇಕಾಗುತ್ತದೆ.

ಹುರಿ ಸುತ್ತುವ ವಿಧಾನ: ಮೊದಲು ಕೋಲಿನಲ್ಲಿ ಬಿರುಕು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಿಬಿರುಗಳನ್ನು ಉಜ್ಜಿ ತೆಗೆದು, ಒಣಗಿಸಬೇಕು. 12 ಸೆಂ.ಮೀ. ಉದ್ದದ ಹಿಡಿಗೆ 4 ಮಿ.ಮೀ. ದಪ್ಪದ ನೂಲಿನ ಹುರಿ ಸುಮಾರು 4 ಮೀಟರ್ ಸಾಕು. ಹುರಿಯ ಒಂದು ತುದಿಯನ್ನು ಕುಣಿಕೆಯಂತೆ ಮಡಿಚಿ ಕೋಲಿನ ಉದ್ದಕ್ಕೂ ಇರಿಸಬೇಕು. ಕುಣಿಕೆ ಮೇಲ್ಗಡೆಗೂ ಬಿಡಿ ತುದಿ ಕೆಳಗಡೆಗೂ ಹೊರಚಾಚಿರಲಿ. ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಸಂದು ಬಿಡದೆ ಬಿಗಿಯಾಗಿ ಸುತ್ತಿ, ಕೊನೆಯ ತುದಿಯನ್ನು ಕುಣಿಕೆಯಲ್ಲಿ ತೂರಿಸಬೇಕು. ಬಳಿಕ ಕೆಳಗಿನ ಬಿಡಿ ತುದಿಯನ್ನು ಎಳೆದರೆ ಕುಣಿಕೆಯು ಆ ತುದಿಯೊಡನೆ ಸುತ್ತುಗಳ ಅಡಿಗೆ ಸೇರುತ್ತದೆ. ಉಳಿದ ತುದಿಗಳನ್ನು ಕತ್ತರಿಸಿದರೆ ಗಂಟಿಲ್ಲದ ಹಿಡಿ ಸಿದ್ಧ. ನೇರ ಕೋಲಿನಲ್ಲಿ ಕೈ ಕೆಳಕ್ಕೆ ಜಾರುವುದರಿಂದ, ಹಿಡಿಯ ಕೆಳಅಂಚಿನಲ್ಲಿ ನಾಲ್ಕಾರು ಸುತ್ತು ಹೆಚ್ಚಾಗಿ ಹಾಕಿ ಉಬ್ಬು ಮಾಡುವುದು ಉತ್ತಮ. ಅದಕ್ಕೆ ತಕ್ಕಂತೆ ಹುರಿ ಉದ್ದವಿರಲಿ.

ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನೂ ಎಳೆದು ಸುತ್ತಬಹುದು. ಅದು ಮಳೆಗಾಲದಲ್ಲಿ ಜಾರುವುದಿಲ್ಲ. ಆದರೆ ಬಿಸಿಲಿಗೆ ಕಾಯುತ್ತದೆ, ಬೆವರನ್ನು ಹೀರುವುದಿಲ್ಲ. ನೂಲಿನ ಹುರಿ ಬೆವರನ್ನು ಹೀರುತ್ತದೆ, ಕೊಳೆಯಾದಾಗ ಬದಲಿಸಬೇಕು. ಮೊಳೆ ಹೊಡೆಯುವುದು ಸರಿಯಲ್ಲ. ಮರ ಸೀಳುತ್ತದೆ, ಕೈಗೆ ಗಾಯವಾಗುತ್ತದೆ. ಮೈಭಾರವನ್ನೆಲ್ಲ ಕೋಲಿನ ಮೇಲೆ ಬಿಡುವವರಿಗೆ ಸುತ್ತಿದ ಹಿಡಿ ಸಾಲದು; ಬಡಗಿಯಿಂದ ಕೂಡುಗಚ್ಚು ಕೊರೆಸಿ ಅಡ್ಡಹಿಡಿ ಕೂಡಿಸಬೇಕು.

ಕೋಲಿನ ಬುಡಕ್ಕೆ ರಬ್ಬರಿನ ಟೋಪಿ ಅಗತ್ಯ. ಕಂಟೋನ್ಮೆಂಟ್ ಭಾಗದ ನುಣುಪು ನೆಲಹಾಸಿನ ಮೇಲೂ ಸಿರುಗುಪ್ಪದ ಗದ್ದೆ ಬದುವಿನ ಮೇಲೂ ಬರಿಯ ಮರ ಜಾರುತ್ತದೆ. ಒಂದು ಕಾಲು ನೋಯುತ್ತಿದ್ದರೆ ಕೋಲನ್ನು ಅದರ ಎದುರು ಬದಿಯ ಕೈಯಲ್ಲಿ ಹಿಡಿಯಬೇಕೆಂಬುದನ್ನೂ ತಿಳಿಸಬೇಕು.

ಸದಸ್ಯರ ಪಾತ್ರ: ವಾರ್ಡ್ ಸಭೆಗಳಲ್ಲಿ ಊರುಗೋಲು ಬಳಸುವವರನ್ನು ಗುರುತಿಸಿ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಕೋಲುಗಳ ಸ್ಥಿತಿಯನ್ನು ಪರಿಶೀಲಿಸಬಹುದು. 2017ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ, ಬಡತನ ರೇಖೆಗಿಂತ ಕೆಳಗಿರುವ 60 ವರ್ಷ ಮೇಲ್ಪಟ್ಟ ಅರ್ಹರಿಗೆ ಊರುಗೋಲು ಮುಂತಾದ ಸಾಧನಗಳು ಉಚಿತವಾಗಿ ದೊರೆಯುತ್ತವೆ; ಅಂಥವರಿಗೆ ಶಿಬಿರಗಳ ಮಾಹಿತಿ ತಲುಪಿಸಬೇಕು. ಹಿರಿಯರ ಸಹಾಯವಾಣಿ 14567 ಅನ್ನು ಪಂಚಾಯತಿ ಸೂಚನಾ ಫಲಕದಲ್ಲಿ ಬರೆಸುವುದು ಸೂಕ್ತ. ಹೊಸ ಕೋಲು ಬರುವವರೆಗೆ ಹಳೆಯ ಕೋಲೇ ಆಸರೆ. ಅದರ ಹಿಡಿಯನ್ನು ಇಂದೇ ಸರಿಪಡಿಸಬಹುದು.