ಸುರಪುರದ ‘ಅಪ್ಪ’

ನಮ್ಮ ಸಂಘದ ಅನೇಕ ಮನೆಗಳ ಹಿರಿಯರು ಕಲಬುರ್ಗಿ, ರಾಯಚೂರು, ಬೀದರಿನ ಕಡೆಯಿಂದ ಹೈದರಾಬಾದಿಗೆ ಬಂದವರು. ಆ ಸೀಮೆಯಲ್ಲಿ ಆಳಿದ ಆಂಗ್ಲ ಅಧಿಕಾರಿಗಳ ಪೈಕಿ ಜನರ ಪ್ರೀತಿಯನ್ನು ಗಳಿಸಿದವನು ಫಿಲಿಪ್ ಮೆಡೋಸ್ ಟೇಲರ್. ಆ ಪ್ರೀತಿಗೆ ಕಾರಣವೂ ಉಂಟು. ಆದರೆ ಕಥೆಯ ಕಡೆಯ ಅಂಕ ನಡೆದದ್ದು ಸುರಪುರದಲ್ಲಲ್ಲ, ನಾವು ದಿನವೂ ಓಡಾಡುವ ಈ ಸಿಕಂದರಾಬಾದಿನಲ್ಲಿ.

೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ ೧೮೨೪ರಲ್ಲಿ ವ್ಯಾಪಾರದ ಕೆಲಸಕ್ಕೆಂದು ಮುಂಬಯಿಗೆ ಬಂದನು. ಅದು ಕೈಗೂಡಲಿಲ್ಲ, ನಿಜಾಮನ ಸೈನ್ಯವನ್ನು ಸೇರಿದನು. ಮುಂದೆ ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರನ ಅಳಿಯನಾದನು. ನಿಜಾಮನ ಸರಕಾರವನ್ನು ಸಾಲದಲ್ಲಿ ಮುಳುಗಿಸಿದ ಪಾಮರನೇ ಈತ! ಮಾವನ ದಾರಿಯನ್ನು ಅಳಿಯನು ಹಿಡಿಯಲಿಲ್ಲವೆಂಬುದು ಸಮಾಧಾನದ ಸಂಗತಿ.

೧೮೪೧ರ ಕೊನೆಯಲ್ಲಿ ಅವನನ್ನು ಸುರಪುರಕ್ಕೆ ಕಳುಹಿಸಿದರು. ಮರುವರ್ಷ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡನು. ಉಳಿದವನು ಬಾಲಕ ವೆಂಕಟಪ್ಪ ನಾಯಕ. ಬೊಕ್ಕಸ ಬರಿದು, ನಿಜಾಮನಿಗೆ ಕೊಡಬೇಕಾದ ಕಪ್ಪ ಬಾಕಿ, ಅರಮನೆಯಲ್ಲಿ ಒಳಜಗಳ, ಹೊರಗೆ ಆಯುಧ ಹಿಡಿದ ಸಾವಿರಾರು ಬೇಡರು. ಟೇಲರ್ ಬೇಡರ ನಾಯಕರೊಡನೆ ತಾನೇ ಕುಳಿತು ಮಾತಾಡಿ ಅವರನ್ನು ಒಲಿಸಿಕೊಂಡನು. ಕಂದಾಯವನ್ನು ಕ್ರಮಕ್ಕೆ ತಂದನು, ಸಾಲ ತೀರಿಸಿದನು, ಬೋನಾಳದ ಕೆರೆಯನ್ನು ಸುಧಾರಿಸಿದನು. ಬಾಲರಾಜನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು.

ಇಷ್ಟೆಲ್ಲ ನಿಜ. ಆದರೆ ಈ ಸುವ್ಯವಸ್ಥೆಯೆಲ್ಲ ನಿಂತದ್ದು ಒಬ್ಬ ಮನುಷ್ಯನ ಮೇಲೆ. ಆ ಮನುಷ್ಯನೋ ಕಂಪನಿಯ ಅಪ್ಪಣೆಗೆ ಕಟ್ಟುಬಿದ್ದವನು. ೧೮೫೩ರಲ್ಲಿ ಪಟ್ಟ ವೆಂಕಟಪ್ಪನಿಗೆ ಬಂತು, ಟೇಲರನಿಗೆ ನಳದುರ್ಗಕ್ಕೆ ವರ್ಗವಾಯಿತು. ಸಂಸ್ಥಾನ ಮತ್ತೆ ಸಾಲಕ್ಕೆ ಬಿತ್ತು. ರಾಜನ ದುಂದುಗಾರಿಕೆಯೇ ಇದಕ್ಕೆ ಕಾರಣವೆಂದು ಟೇಲರ್ ದೂರುತ್ತಾನೆ. ಹನ್ನೊಂದು ವರ್ಷ ಇನ್ನೊಬ್ಬರು ಆಳಿದ ಸೀಮೆಯನ್ನು ಹದಿಹರೆಯದ ಹುಡುಗನ ಕೈಗಿತ್ತರೆ ಬೇರೇನಾದೀತು ಎಂದು ನಾವು ಕೇಳಬೇಕಾಗಿದೆ.

೧೮೫೮ರ ಫೆಬ್ರವರಿಯಲ್ಲಿ ಸುರಪುರ ಆಂಗ್ಲರ ಮೇಲೆ ತಿರುಗಿಬಿತ್ತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ರಾಜನು ರಾತ್ರೋರಾತ್ರಿ ಹೈದರಾಬಾದಿಗೆ ಬಂದು ಸಿಕ್ಕಿಬಿದ್ದನು. ಸಾಲಾರ್ ಜಂಗನು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದನು. ಸಿಕಂದರಾಬಾದಿನ ಸೆರೆಯಲ್ಲಿ ಟೇಲರನನ್ನು ಕಂಡೊಡನೆ ಹುಡುಗನು ‘ಅಪ್ಪಾ’ ಎಂದು ತಬ್ಬಿಕೊಂಡು ಅತ್ತನಂತೆ. ಜೊತೆಗಾರರ ಹೆಸರನ್ನು ಹೇಳಲು ಮಾತ್ರ ಒಪ್ಪಲಿಲ್ಲ. ಇದನ್ನು ಬರೆದಿಟ್ಟವನು ಟೇಲರನೇ. ಹುಡುಗನ ದಿಟ್ಟತನವನ್ನು ಅವನು ಮುಚ್ಚಿಡಲಿಲ್ಲ.

ಮರಣದಂಡನೆಯು ಕಡಮೆಯಾಗಿ, ಕಡೆಗೆ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷ ಸೆರೆಯೆಂದಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ರಾಜನು ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಸತ್ತನು. ತಾನೇ ಹೊಡೆದುಕೊಂಡನೆಂಬುದು ಟೇಲರನ ಬರಹ. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು.

೧೮೬೦ರಲ್ಲಿ ಆಂಗ್ಲರು ಸುರಪುರವನ್ನು ನಿಜಾಮನಿಗೆ ನಿಷ್ಠೆಯ ಬಹುಮಾನವಾಗಿ ಕೊಟ್ಟರು. ಅದೇ ವರ್ಷ ಟೇಲರ್ ಸ್ವದೇಶಕ್ಕೆ ಹಡಗು ಹತ್ತಿದನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಲ್ಲಿ ಉಳಿದಿದೆ; ಬೋನಾಳದ ಕೆರೆ ಈಗ ಪಕ್ಷಿಧಾಮ. ಊರಿಗೆ ಹೋಗುವ ಓದುಗರು ಮಕ್ಕಳಿಗೆ ಎರಡನ್ನೂ ತೋರಿಸಬಹುದು.