ಬೀಗದ ಕೈ ಕೊಡದೆ ಹೋದ ಬಾಡಿಗೆದಾರ

ಕ್ಯಾಂಪಸ್ಸಿನ ಲೈಬ್ರರಿಗೆ ಕಾಲಿಡುತ್ತಿದ್ದ ಹಾಗೆ ಜೇಬಿನಲ್ಲಿರುವ ಫೋನು ವೈಫೈಗೆ ಸೇರಿ ಒಂದು ಕೂಗು ಹಾಕುತ್ತದೆ: ವಿಳಾಸ ಕೊಡುವವರು ಯಾರಾದರೂ ಇದ್ದೀರಾ? ಡಿಎಚ್‌ಸಿಪಿ ಸರ್ವರ್ ಖಾಲಿ ಇರುವ ಒಂದು ಐಪಿ ವಿಳಾಸ ತೋರಿಸುತ್ತದೆ. ಫೋನು ಅದನ್ನೇ ಕೇಳುತ್ತದೆ. ಇಷ್ಟು ಹೊತ್ತು ನಿನ್ನದು ಎಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಈ ಕರಾರಿಗೆ ಹೆಸರೇ ಲೀಸ್.

ತೊಡಕು ಶುರುವಾಗುವುದು ಫೋನು ಹೊರಟ ಮೇಲೆ. ಪುಸ್ತಕ ಹಿಂತಿರುಗಿಸಲು ಬಂದ ಹುಡುಗಿ ಹತ್ತೇ ನಿಮಿಷದಲ್ಲಿ ಹೋಗಿಬಿಡುತ್ತಾಳೆ. ಅವಳ ಫೋನು ಸಾಮಾನ್ಯವಾಗಿ ಹೇಳಿ ಹೋಗುವುದಿಲ್ಲ, ಬೀಗದ ಕೈ ಕೊಡದೆ ಊರು ಬಿಟ್ಟ ಬಾಡಿಗೆದಾರನ ಹಾಗೆ. ಲೀಸ್ ಮುಗಿಯುವವರೆಗೂ ಆ ವಿಳಾಸ ಬೇರೆಯವರಿಗಿಲ್ಲ.

ಗಂಟೆಗೆ 600 ಹೊಸ ಫೋನು ಬರುತ್ತವೆ ಎಂದಿಟ್ಟುಕೊಳ್ಳಿ. ಲೀಸ್ ಒಂದು ಗಂಟೆಯದಾದರೆ ಸುಮಾರು 600 ವಿಳಾಸ ಸಾಕು. ಎಂಟು ಗಂಟೆಯದಾದರೆ 4,800 ಬೇಕು. ಜನ ಅಷ್ಟೇ, ಕುರ್ಚಿಗಳೂ ಅಷ್ಟೇ! ಮನೆಗೆ ಸಾಕಾಗುವ 254 ವಿಳಾಸಗಳ ಗುಂಪು ಇಲ್ಲಿ ಅರ್ಧ ಗಂಟೆಯೂ ತಡೆಯದು. ಆಮೇಲೆ ಬಂದವರಿಗೆ ಸಿಗ್ನಲ್ ಪೂರ್ತಿ ತೋರಿಸಿದರೂ ಇಂಟರ್‌ನೆಟ್ ಇರುವುದಿಲ್ಲ. ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ತೆಗೆದು ನೋಡಿದರೆ ವಿಳಾಸ 169.254 ಎಂದು ಶುರುವಾಗಿರುತ್ತದೆ. ಕೊಡುವವರು ಸಿಗದಾಗ ಯಂತ್ರ ತಾನೇ ಇಟ್ಟುಕೊಂಡ ನಂಬರು ಅದು.

ಹಾಗಾದರೆ ದೊಡ್ಡ ಗುಂಪನ್ನೇ ಕೊಡಬಾರದೇಕೆ? ಖಾಸಗಿ ಬಳಕೆಗೆಂದು ಬಿಟ್ಟಿರುವ, 10ರಿಂದ ಶುರುವಾಗುವ ವಿಳಾಸಗಳೇ 1.67 ಕೋಟಿಗೂ ಹೆಚ್ಚಿವೆ. ಕೊಡಬಹುದು, ಆದರೆ ಒಂದೇ ಗುಂಪಿನಲ್ಲಿ ಸಾವಿರಾರು ಸಾಧನಗಳಿದ್ದರೆ ಎಲ್ಲರನ್ನೂ ಉದ್ದೇಶಿಸಿ ಹಾಕುವ ಕೂಗುಗಳೂ ಹೆಚ್ಚುತ್ತವೆ. ದೂರದ ಮೂಲೆಗೂ ಕೇಳಲೆಂದು ವೈಫೈ ಅವನ್ನು ನಿಧಾನದ ವೇಗದಲ್ಲಿ ಕಳಿಸುತ್ತದೆ. ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು. ಅದಕ್ಕೇ ನನಗೆ ಮೊದಲು ಲೀಸ್ ಅವಧಿಯನ್ನು ಮೊಟಕು ಮಾಡುವುದೇ ಸರಿ ಅನಿಸುತ್ತದೆ. ತೀರಾ ಮೊಟಕಾದರೂ ಕಷ್ಟ. ಫೋನು ಅರ್ಧ ಅವಧಿಗೇ ನವೀಕರಣ ಕೇಳುವುದರಿಂದ ಸರ್ವರಿಗೆ ಬಿಡುವಿರುವುದಿಲ್ಲ. ಅದು ಸ್ವಲ್ಪ ಹೊತ್ತು ಕೆಟ್ಟು ನಿಂತರೂ ಕೂತಿದ್ದವರೆಲ್ಲ ವಿಳಾಸ ಕಳೆದುಕೊಳ್ಳುತ್ತಾರೆ.

ಕರಾರು ಮುರಿಯುವವರೂ ಉಂಟು. 2010ರಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದ ಹೊಸದರಲ್ಲಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೆಟ್‌ವರ್ಕ್ ತಂಡ ಒಂದು ವಿಚಿತ್ರ ಕಂಡಿತು. ಕೆಲವು ಐಪ್ಯಾಡ್‌ಗಳು ಲೀಸ್ ಮುಗಿದರೂ ನವೀಕರಿಸದೆ ಹಳೆಯ ವಿಳಾಸದಲ್ಲೇ ಕೂತಿದ್ದವು. ಸರ್ವರಿನ ಲೆಕ್ಕದಲ್ಲಿ ಅದು ಖಾಲಿ. ಇನ್ನೊಬ್ಬರಿಗೆ ಕೊಟ್ಟರೆ ಒಂದೇ ಮನೆಗೆ ಇಬ್ಬರು. ಅಂಥ ಐಪ್ಯಾಡ್‌ಗಳನ್ನು ತಂಡ ತಡೆಯಬೇಕಾಯಿತು.

ಈಗ ಇನ್ನೊಂದು ದಾರಿ ತೆರೆದಿದೆ. ಐಪಿ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಕ್ಕೆ ಬರವಿಲ್ಲ, ಆದರೆ ಹಳೆಯ ಸಾಧನಗಳಿಗೆ ಅದು ತಿಳಿಯದು. 2020ರಲ್ಲಿ ಗೊತ್ತುಪಡಿಸಿದ ಒಂದು ಕ್ರಮದಂತೆ, ಹೊಸ ಫೋನು ವಿಳಾಸ ಕೇಳುವಾಗಲೇ ತನಗೆ ಐಪಿವಿ6 ಒಂದೇ ಸಾಕೆಂದು ಸೂಚಿಸಬಹುದು. ನೆಟ್‌ವರ್ಕ್ ಒಪ್ಪಿದರೆ ಫೋನು ಹಳೆಯ ಪದ್ಧತಿಯ ವಿಳಾಸ ತೆಗೆದುಕೊಳ್ಳುವುದೇ ಇಲ್ಲ. ಉಳಿದ ಆ ನಂಬರು ತರಗತಿಯ ಗೋಡೆಗೆ ನೇತುಹಾಕಿದ ಹಳೆಯ ಪ್ರೊಜೆಕ್ಟರಿಗೆ ಸಿಗುತ್ತದೆ.