ರಕ್ತದ ಕಿರುತಟ್ಟೆಗಳು ಏಕೆ ಕಡಮೆಯಾಗುತ್ತವೆ?

ಮಳೆಗಾಲದ ದಿನಗಳಲ್ಲಿ ಸಿಂಗಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಯಾವ ರಕ್ತಪರೀಕ್ಷಾಲಯದ ಮುಂದೆ ನಿಂತರೂ ‘ಪ್ಲೇಟ್‌ಲೆಟ್ ಎಷ್ಟು ಬಂದಿದೆ?’ ಎಂಬ ಪ್ರಶ್ನೆ ಕಿವಿಗೆ ಬೀಳುತ್ತದೆ. ಡೆಂಗೀ ಜ್ವರವು ಈ ಪದವನ್ನು ಮನೆಮಾತಾಗಿಸಿದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದುದು ವಾಚಕರಿಗೆ ನೆನಪಿರಬಹುದು. ಆದರೆ ಜ್ವರವಿಲ್ಲದೆ, ಸೊಳ್ಳೆಯ ಸಂಬಂಧವೂ ಇಲ್ಲದೆ ಈ ಸಂಖ್ಯೆ ಕುಸಿಯುವ ಇನ್ನೊಂದು ರೋಗವುಂಟು. ದೇಹದ ರಕ್ಷಣಾ ವ್ಯವಸ್ಥೆಯು ತನ್ನವೇ ಆದ ಕಿರುತಟ್ಟೆಗಳನ್ನು ಶತ್ರುಗಳೆಂದು ಬಗೆದು ನಾಶಮಾಡುವ ಆ ಸ್ಥಿತಿಯನ್ನು ವೈದ್ಯರು ‘ಇಮ್ಯೂನ್ ಥ್ರಾಂಬೊಸೈಟೊಪೀನಿಯ’, ಚಿಕ್ಕದಾಗಿ ಐ.ಟಿ.ಪಿ., ಎನ್ನುತ್ತಾರೆ. (ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್.ಗೂ ಇದಕ್ಕೂ ಯಾವ ನಂಟೂ ಇಲ್ಲ!)

ಪ್ಲೇಟ್‌ಲೆಟ್‌ಗಳನ್ನು ನಮ್ಮ ಪಠ್ಯಪುಸ್ತಕಗಳು ಕಿರುತಟ್ಟೆಗಳೆಂದು ಕರೆಯುತ್ತವೆ. ಒಂದೊಂದರ ಅಡ್ಡಗಲ ಮಿಲಿಮೀಟರಿನ ಸಾವಿರದಲ್ಲಿ 2–3 ಭಾಗ ಮಾತ್ರ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ರಕ್ತನಾಳ ಹರಿದೆಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕಿಂಡಿಯನ್ನು ಮುಚ್ಚುವುದೇ ಇವುಗಳ ಕೆಲಸ. ಅಸ್ಥಿಮಜ್ಜೆಯಲ್ಲಿ ಹುಟ್ಟಿ, 8–10 ದಿನ ಬಾಳಿ, ಅಳಿಯುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಊರ ಕೆರೆಯ ನೀರಿನ ಮಟ್ಟವು ಒಳಹರಿವನ್ನು ಮಾತ್ರವಲ್ಲ, ತೂಬಿನಿಂದ ಹೊರಹೋಗುವುದನ್ನೂ ಅವಲಂಬಿಸಿದೆಯಷ್ಟೆ. ಘನ ಮಿಲಿಮೀಟರಿಗೆ ದಿನಕ್ಕೆ 30,000 ಕಿರುತಟ್ಟೆಗಳು ಹುಟ್ಟಿ, ಒಂದೊಂದೂ 9 ದಿನ ಬಾಳಿದರೆ, ರಕ್ತದಲ್ಲಿ 2,70,000 ಇರುತ್ತವೆ. ಹುಟ್ಟು ಹಾಗೆಯೇ ಇದ್ದು, ಬಾಳು ಅರ್ಧ ದಿನಕ್ಕೆ ಇಳಿದರೆ ಉಳಿಯುವುದು 15,000! ಐ.ಟಿ.ಪಿ.ಯಲ್ಲಿ ಮುಖ್ಯವಾಗಿ ನಡೆಯುವುದು ಇದೇ. ಪ್ರತಿಕಾಯಗಳು ಕಿರುತಟ್ಟೆಗಳಿಗೆ ಅಂಟಿಕೊಳ್ಳುತ್ತವೆ. ಹಾಗೆ ಗುರುತು ಬಿದ್ದವನ್ನು ಗುಲ್ಮದಲ್ಲಿರುವ ಭಕ್ಷಕ ಕೋಶಗಳು ಹಿಡಿದು ನುಂಗುತ್ತವೆ. ಎಷ್ಟೋ ರೋಗಿಗಳಲ್ಲಿ ಉತ್ಪತ್ತಿಯೂ ತಕ್ಕಷ್ಟು ಏರುವುದಿಲ್ಲ.

ಇದು ತಿಳಿದುಬಂದ ಬಗೆ ರೋಮಾಂಚಕಾರಿಯಾದುದು. ಈ ರೋಗವಿರುವ ತಾಯಂದಿರ ಶಿಶುಗಳಲ್ಲಿಯೂ ಕೆಲವು ಕಾಲ ಕಿರುತಟ್ಟೆಗಳು ಕಡಮೆಯಾಗಿರುವುದುಂಟು. ಹಾಗಾದರೆ ರಕ್ತದಲ್ಲಿ ಯಾವುದೋ ನಾಶಕ ವಸ್ತು ಇರಬೇಕಲ್ಲವೆ? 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ತರುಣ ವೈದ್ಯರು ರೋಗಿಯೊಬ್ಬರ ಸುಮಾರು ಅರ್ಧ ಲೀಟರ್ ರಕ್ತವನ್ನು ತಮ್ಮ ಮೈಗೇ ಹರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕಿರುತಟ್ಟೆಗಳು ಬಹುತೇಕ ಮಾಯವಾದುವು, ಮೈಮೇಲೆ ರಕ್ತದ ಚುಕ್ಕೆಗಳೆದ್ದವು, ಸೆಳವೂ ಬಂದಿತು. ಸುಮಾರು ಐದು ದಿನಗಳಲ್ಲಿ ಚೇತರಿಸಿಕೊಂಡರು. ಪ್ರಾಣವನ್ನೇ ಪಣಕ್ಕೊಡ್ಡಿದ ಇಂತಹ ಪ್ರಯೋಗಕ್ಕೆ ಇಂದು ಯಾವ ಸಂಸ್ಥೆಯೂ ಒಪ್ಪಿಗೆ ಕೊಡಲಾರದು, ಕೊಡಲೂಬಾರದು. ಆದರೆ 1951ರಲ್ಲಿ ಪ್ರಕಟವಾದ ಆ ಫಲಿತಾಂಶವೇ ರೋಗದ ಮೂಲವನ್ನು ತೋರಿಸಿಕೊಟ್ಟಿತು.

ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಮೊಣಕಾಲಿನ ಕೆಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಕಾಣುತ್ತವೆ. ಒತ್ತಿದರೆ ಅವು ಮಾಸುವುದಿಲ್ಲ. ಪೆಟ್ಟು ಬಿದ್ದ ನೆನಪೇ ಇಲ್ಲದೆ ಚರ್ಮ ಕಪ್ಪುಗಟ್ಟುತ್ತದೆ. ವಸಡು, ಮೂಗುಗಳಿಂದ ರಕ್ತ ಒಸರುತ್ತದೆ. ಸ್ತ್ರೀಯರಲ್ಲಿ ಮುಟ್ಟಿನ ಸ್ರಾವ ಹೆಚ್ಚುತ್ತದೆ. ಮಿದುಳಿನೊಳಗೆ ರಕ್ತಸ್ರಾವವಾಗುವುದು ಅಪರೂಪ, ಆದರೆ ಭಯವಿರುವುದು ಅದರದೇ. ಮಕ್ಕಳಿಗೆ ಸಾಮಾನ್ಯವಾಗಿ ನೆಗಡಿಯಂಥ ಸೋಂಕು ಕಳೆದ ಒಂದೆರಡು ವಾರಗಳಲ್ಲಿ ಬಂದು, ಹೆಚ್ಚಿನವರಲ್ಲಿ ಕೆಲವು ತಿಂಗಳೊಳಗೆ ತಾನಾಗಿಯೇ ವಾಸಿಯಾಗುತ್ತದೆ. ದೊಡ್ಡವರಲ್ಲಿ ಬಹುಕಾಲ ನಿಲ್ಲುವುದೇ ಹೆಚ್ಚು.

ಎಣಿಸುವ ಯಂತ್ರವನ್ನೂ ಕುರುಡಾಗಿ ನಂಬುವಂತಿಲ್ಲ. ಕಿರಿದಾದ ರಂಧ್ರದಲ್ಲಿ ಕಣಗಳು ಹಾಯುವಾಗ ವಿದ್ಯುತ್ ರೋಧದಲ್ಲಾಗುವ ವ್ಯತ್ಯಾಸದಿಂದ ಅನೇಕ ಯಂತ್ರಗಳು ಲೆಕ್ಕ ಹಾಕುತ್ತವೆ. ಕೆಲವರ ರಕ್ತದಲ್ಲಿ ಸೀಸೆಯೊಳಗಿನ ಹೆಪ್ಪುನಿರೋಧಕದ ದೆಸೆಯಿಂದ ಕಿರುತಟ್ಟೆಗಳು ಗುಂಪುಗೂಡುತ್ತವೆ. ಯಂತ್ರ ಅವನ್ನು ಎಣಿಸದು. ಆದುದರಿಂದ ಗಾಜಿನ ಮೇಲೆ ರಕ್ತವನ್ನು ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಐ.ಟಿ.ಪಿ.ಯನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಎಂಬುದಿಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ನಿರ್ಣಯಿಸುತ್ತಾರೆ.

ಚಿಕಿತ್ಸೆಯ ವಿಷಯದಲ್ಲಿ ಬಂಧುಗಳು ಮೊದಲು ಕೇಳುವುದು ‘ಪ್ಲೇಟ್‌ಲೆಟ್ ಹಾಕಿಸಬಾರದೆ?’ ಎಂದು. ತೂಬು ತೆರೆದಿರುವ ಕೆರೆಗೆ ಕೊಡಗಳಲ್ಲಿ ನೀರು ತಂದು ಸುರಿದಂತೆ ಅದು. ಕೊಟ್ಟವೂ ಬೇಗನೆ ನಾಶವಾಗುತ್ತವೆ. ಪ್ರಾಣಾಪಾಯದ ರಕ್ತಸ್ರಾವದಲ್ಲಿ ಮಾತ್ರ ಇತರ ಔಷಧಗಳ ಜೊತೆಗೆ ಕೊಡುತ್ತಾರೆ. ಪರಂಗಿ ಎಲೆಯ ರಸವು ಪ್ರತಿಕಾಯಗಳನ್ನು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲ. ಚರ್ಮದ ಮೇಲೆ ಚುಕ್ಕೆಗಳಷ್ಟೇ ಇರುವ ಮಕ್ಕಳನ್ನು ಔಷಧವಿಲ್ಲದೆ ಕಾದು ನೋಡುವುದೇ ಸಾಮಾನ್ಯವಾಗಿ ಸರಿಯಾದ ಕ್ರಮ. ದೊಡ್ಡವರಲ್ಲಿ ಸಂಖ್ಯೆ 30,000ಕ್ಕಿಂತ ಇಳಿದರೆ ಅಥವಾ ರಕ್ತಸ್ರಾವವಿದ್ದರೆ, ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್‌ಗಳನ್ನು ಕೆಲವು ವಾರ ಮಾತ್ರ ಕೊಡುತ್ತಾರೆ. ದೀರ್ಘಕಾಲ ಸೇವಿಸಿದರೆ ಮೂಳೆ ಸವೆಯುವುದು, ಸಕ್ಕರೆ ಏರುವುದು ಮುಂತಾದ ಕೇಡುಗಳುಂಟು. ತುರ್ತಿನಲ್ಲಿ ಇಮ್ಯುನೊಗ್ಲಾಬ್ಯುಲಿನ್ ಅನ್ನು ರಕ್ತನಾಳಕ್ಕೆ ಹರಿಸುತ್ತಾರೆ. 1981ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಇಂಬಾಕ್ ಇದರ ಗುಣವನ್ನು ಮಕ್ಕಳಲ್ಲಿ ತೋರಿಸಿದರು. ಬೆಲೆ ಮಾತ್ರ ದುಬಾರಿ. 2008ರಿಂದ ಬಳಕೆಗೆ ಬಂದ ಎಲ್ಟ್ರಾಂಬೊಪ್ಯಾಗ್, ರೋಮಿಪ್ಲಾಸ್ಟಿಮ್‌ಗಳು ಒಳಹರಿವನ್ನೇ ಹೆಚ್ಚಿಸುತ್ತವೆ.

ಈ ರೋಗಿಗಳು ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನುಂಗಬಾರದು. ಸಂಖ್ಯೆ ತೀರ ಇಳಿದಿರುವಾಗ ಹೊಸೂರು ರಸ್ತೆಯ ದಟ್ಟಣೆಯಲ್ಲಿ ದ್ವಿಚಕ್ರ ವಾಹನ ಓಡಿಸುವುದನ್ನು ಬಿಡುವುದು ಲೇಸು. ತಲೆಗೆ ಬಿದ್ದ ಸಣ್ಣ ಪೆಟ್ಟೂ ದೊಡ್ಡದಾಗಬಹುದು. ತೀವ್ರ ತಲೆನೋವು, ಮಂಪರು, ಕಪ್ಪು ಮಲ, ನಿಲ್ಲದ ರಕ್ತ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಗುಲ್ಮವನ್ನು ತೆಗೆಯುವುದು ಹಳೆಯ ಉಪಾಯ. 1916ರಲ್ಲಿ ಪ್ರಾಗ್ ನಗರದ ಪಾಲ್ ಕಾಜ್‌ನೆಲ್ಸನ್ ಎಂಬ ವೈದ್ಯವಿದ್ಯಾರ್ಥಿಯ ಸಲಹೆಯಂತೆ ಅದು ಮೊದಲು ನಡೆದು ಫಲಿಸಿತು. ಇಂದಿಗೂ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಅದರಿಂದ ಬಹುಕಾಲದ ಗುಣ ದೊರೆಯುತ್ತದೆ. ಆದರೆ ರೋಗ ತಾನಾಗಿ ಇಳಿಯಬಹುದಾದುದರಿಂದ ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಯುತ್ತಾರೆ. ಗುಲ್ಮವಿಲ್ಲದವರಿಗೆ ಕೆಲವು ಸೋಂಕುಗಳು ಬಲು ಬೇಗ ಉಲ್ಬಣಿಸುತ್ತವೆ. ಅದಕ್ಕಾಗಿ ಶಸ್ತ್ರಕ್ರಿಯೆಗೆ ಮುಂಚೆಯೇ ಲಸಿಕೆಗಳನ್ನು ಹಾಕುತ್ತಾರೆ, ಮುಂದೆ ಯಾವ ಜ್ವರ ಬಂದರೂ ಅದೇ ದಿನ ವೈದ್ಯರಿಗೆ ತೋರಿಸಬೇಕೆಂದು ತಿಳಿಸಿ ಕಳುಹಿಸುತ್ತಾರೆ.